ಮತಕ್ಕೆ ಹಾಕಬೇಡಿ, ಕಾರ್ಡ್ ಓದಿ

ನಾಲ್ವರು ಕೂತು ಮ್ಯಾಜಿಕ್ ಎಂಬ ಕಾರ್ಡ್ ಆಟ ಆಡುತ್ತಿದ್ದಿರಿ, ಒಬ್ಬ ನಿಮ್ಮ ಜೀವಿಯನ್ನು, ಅಂದರೆ ನಿಮ್ಮ ಪರ ಹೋರಾಡುವ ಕಾರ್ಡನ್ನು, ಕಿತ್ತುಕೊಂಡ, ಎರಡು ಸುತ್ತಿನ ಬಳಿಕ ತಾನೇ ಸೋತು ಎದ್ದ. ಆ ಕಾರ್ಡ್ ನಿಮ್ಮ ಕಡೆಗೆ ಮರಳಬೇಕೋ ಬೇಡವೋ ಎಂದು ರಾತ್ರಿ ಒಂದು ಗಂಟೆಯವರೆಗೆ ಜಗಳ. ಇಂಥದ್ದನ್ನು ಮತಕ್ಕೆ ಹಾಕುವುದೋ, ಮನೆಯ ನಿಯಮ ಮಾಡಿಕೊಳ್ಳುವುದೋ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ ಥ್ರ್ಯಾಗ್‌ಟಸ್ಕ್ ಎಂಬ ಜೀವಿ ನೆನಪಾಯಿತು. ಇಷ್ಟು ವರ್ಷ ಕಳೆದರೂ ಆ ಹೆಸರು ಕೇಳಿದರೆ ನನ್ನ ಕಿವಿ ಬಿಸಿಯಾಗುತ್ತದೆ.

2012ರ ಕೊನೆ, ಬೆಂಗಳೂರಿನ ಒಂದು ಅಂಗಡಿಯ ಮೊದಲ ಮಹಡಿ, ಶುಕ್ರವಾರದ ಸಂಜೆ. ಎದುರಿಗೆ ಕೂತವನು ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗ, ಮೆತ್ತಗಿನ ಮಾತು, ಪ್ರತಿ ಕಾರ್ಡನ್ನೂ ಎರಡು ಕೈಯಲ್ಲಿ ಹಿಡಿದು ಇಡುವವನು. ನನಗೆ ಆಗಲೇ ನೌಕರಿ ಇತ್ತು, ಮೂರು ವರ್ಷದ ಅನುಭವ ಇತ್ತು, ದನಿ ದೊಡ್ಡದಿತ್ತು. ಒಂದೊಂದು ಗೇಮ್ ಗೆದ್ದು ಮೂರನೆಯದರಲ್ಲಿದ್ದೆವು. ನನ್ನ ಲೈಫ್ (ಅದು ಸೊನ್ನೆಯಾದರೆ ಸೋಲು) 9, ಅವನದು 3. ನನ್ನ ಕಡೆ ಥ್ರ್ಯಾಗ್‌ಟಸ್ಕ್ ಮತ್ತು ನಾಲ್ಕು ಬಲದ ಎರಡು ಜೀವಿಗಳು. ಆ ಎರಡೂ ಹಿಂದಿನ ಸರದಿಯಲ್ಲಿ ದಾಳಿ ಮಾಡಿ ಅಡ್ಡ ಮಲಗಿದ್ದವು, ತಡೆಯಲು ಬರುವಂತಿರಲಿಲ್ಲ.

ಆ ಕಾಲದಲ್ಲಿ ಆಡಿದವರಿಗೆ ಥ್ರ್ಯಾಗ್‌ಟಸ್ಕ್ ಪರಿಚಯ ಬೇಡ. ಉಳಿದವರಿಗೆ ಹೇಳುತ್ತೇನೆ: ಐದು ಬಲ (ಕೊಡುವ ಏಟು), ಮೂರು ತಾಳಿಕೆ (ತಾಳುವ ಏಟು). ಕಣಕ್ಕೆ ಬಂದಾಗ ಐದು ಲೈಫ್ ಕೊಡುತ್ತದೆ, ಕಣ ಬಿಟ್ಟು ಹೋಗುವಾಗ ಮೂರು ಬಲ, ಮೂರು ತಾಳಿಕೆಯ ಒಂದು ಬೀಸ್ಟ್ ಟೋಕನ್, ಅಂದರೆ ಡೆಕ್‌ನಿಂದ ಬಾರದ ಹೆಚ್ಚುವರಿ ಜೀವಿಯನ್ನು, ಬಿಟ್ಟು ಹೋಗುತ್ತದೆ. ಬಂದರೂ ಲಾಭ, ಹೋದರೂ ಲಾಭ.

ಹುಡುಗನ ಬಳಿ ಆರು ಲ್ಯಾಂಡ್ (ಬೇರೆ ಕಾರ್ಡ್ ಆಡಲು ಬೇಕಾದ ಬಂಡವಾಳದ ಕಾರ್ಡ್) ಇದ್ದವು. ಐದನ್ನು ಖರ್ಚು ಮಾಡಿ ಜೆಲಸ್ ಕಾನ್‌ಸ್ಕ್ರಿಪ್ಟ್ಸ್ ಎಂಬ ಜೀವಿಯನ್ನು ಇಳಿಸಿದ. ಅದು ಬಂದ ಕೂಡಲೇ ಎದುರಾಳಿಯ ಯಾವುದಾದರೂ ಒಂದು ಕಾರ್ಡನ್ನು ಆ ಸರದಿ ಮುಗಿಯುವವರೆಗೆ ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ತೆಗೆದುಕೊಂಡದ್ದು ನನ್ನ ಥ್ರ್ಯಾಗ್‌ಟಸ್ಕನ್ನು. ಎರಡೂ ಸೇರಿ ಎಂಟು ಹೊಡೆದವು. ನಾನು 1ಕ್ಕೆ ಇಳಿದೆ. ಪರವಾಗಿಲ್ಲ, ಸರದಿ ಮುಗಿದರೆ ನನ್ನದು ನನಗೆ ಎಂದುಕೊಂಡು ಕಾಯುತ್ತಿದ್ದೆ. ಆಗ ಅವನು ಉಳಿದ ಒಂದು ಲ್ಯಾಂಡಿನಿಂದ ಕ್ಲೌಡ್‌ಶಿಫ್ಟ್ ಆಡಿದ. ನಾಲ್ಕಾಣೆ ಬೆಲೆಯ ಸಾಮಾನ್ಯ ಕಾರ್ಡ್. ನಿಮ್ಮ ಹಿಡಿತದ ಒಂದು ಜೀವಿಯನ್ನು ಗಡಿಪಾರು ಮಾಡಿ, ಅಂದರೆ ಕಣದಿಂದ ಹೊರಗಿಟ್ಟು, ಮತ್ತೆ ಕಣಕ್ಕೆ ತರುತ್ತದೆ. ಥ್ರ್ಯಾಗ್‌ಟಸ್ಕ್ ಹೋಯಿತು, ಬೀಸ್ಟ್ ಅವನ ಕಡೆ ಬಂತು. ಥ್ರ್ಯಾಗ್‌ಟಸ್ಕ್ ಮರಳಿತು, ಅವನ ಲೈಫ್ 3ರಿಂದ 8 ಆಯಿತು. ಸರದಿ ಮುಗಿಸಿದ. ನಾನು ಕೈಚಾಚಿ ಅವನ ಸಾಲಿನಿಂದ ಥ್ರ್ಯಾಗ್‌ಟಸ್ಕನ್ನು ಎತ್ತಿ ನನ್ನ ಸಾಲಿನಲ್ಲಿ ಇಟ್ಟುಕೊಂಡೆ.

“ಇಲ್ಲ, ಅದು ಇನ್ನು ನನ್ನ ಕಡೆಯೇ ಇರುತ್ತದೆ” ಎಂದ.

“ಸರದಿ ಮುಗಿಯುವವರೆಗೆ ಎಂದು ನಿನ್ನ ಕಾರ್ಡಿನಲ್ಲೇ ಬರೆದಿದೆ, ಓದು” ಎಂದೆ. ಅವನು ಕ್ಲೌಡ್‌ಶಿಫ್ಟ್ ಎತ್ತಿ ತೋರಿಸಲು ಬಂದ. ನಾನು ನೋಡಲಿಲ್ಲ. ಅದು ನನಗೆ ಗೊತ್ತಿದ್ದ ಕಾರ್ಡ್, ಗೊತ್ತಿರುವುದನ್ನು ಯಾರು ಓದುತ್ತಾರೆ? ಅಕ್ಕಪಕ್ಕದ ಇಬ್ಬರು ತಿರುಗಿ ನೋಡಿದರು. ಹುಡುಗ ಒಂದು ಕ್ಷಣ ಸುಮ್ಮನಿದ್ದು “ಇರಬಹುದು” ಎಂದ. ನನ್ನ ಸರದಿಯಲ್ಲಿ ಮೂರೂ ಜೀವಿಗಳಿಂದ ದಾಳಿ ಮಾಡಿದೆ. ಕಾನ್‌ಸ್ಕ್ರಿಪ್ಟ್ಸ್ ದಾಳಿ ಮಾಡಿ ಅಡ್ಡ ಮಲಗಿತ್ತು, ಅವನ ಬಳಿ ತಡೆಯಲು ಇದ್ದದ್ದು ಬೀಸ್ಟ್ ಒಂದೇ. ಥ್ರ್ಯಾಗ್‌ಟಸ್ಕಿಗೆ ಅದನ್ನು ಅಡ್ಡ ಇಟ್ಟ. ಉಳಿದ ಎರಡರಿಂದ ಎಂಟು. ಅವನ ಲೈಫ್ ಸರಿಯಾಗಿ ಎಂಟು. ಆಟ ಮುಗಿಯಿತು.

ಈಗ ಲೆಕ್ಕ ತಿರುಗಿಸಿ ನೋಡಿ. ಥ್ರ್ಯಾಗ್‌ಟಸ್ಕ್ ಅವನ ಬಳಿ ಉಳಿದಿದ್ದರೆ ನನಗೆ ದಾಳಿಗೆ ಎರಡೇ ಜೀವಿ, ಅವನಿಗೆ ತಡೆಯಲು ಎರಡು. ಅವನ ಒಂದು ಲೈಫೂ ಇಳಿಯುತ್ತಿರಲಿಲ್ಲ, ಮುಂದಿನ ಸರದಿಯಲ್ಲಿ ನಾನು ಸಾಯುತ್ತಿದ್ದೆ.

ಮತ್ತು ಅದು ಅವನ ಬಳಿಯೇ ಉಳಿಯಬೇಕಿತ್ತು.

ನನ್ನ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾರ್ಡೊಂದು ಕಣ ಬಿಟ್ಟು ಬೇರೆಡೆಗೆ ಹೋಗಿ ಮರಳಿದರೆ ಅದು ಹೊಸ ವಸ್ತು. ಹಳೆಯದರೊಂದಿಗೆ ಅದಕ್ಕೆ ಸಂಬಂಧವಿಲ್ಲ, ನೆನಪಿಲ್ಲ. ಇದು ಆಟದ ಸಮಗ್ರ ನಿಯಮಾವಳಿಯ 400.7ನೆಯ ನಿಯಮ. ಕಾನ್‌ಸ್ಕ್ರಿಪ್ಟ್ಸ್ ಹೇಳಿದ “ಸರದಿ ಮುಗಿಯುವವರೆಗೆ” ಎಂಬುದು ಹಳೆಯ ಥ್ರ್ಯಾಗ್‌ಟಸ್ಕಿಗೆ ಹಾಕಿದ ಗಡುವು. ಆ ಥ್ರ್ಯಾಗ್‌ಟಸ್ಕೇ ಇಲ್ಲವಾದ ಮೇಲೆ ಗಡುವು ಯಾವುದಕ್ಕೆ? ಹೊಸದು ಯಾರ ಹಿಡಿತದಲ್ಲಿ ಬಂತು ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಕ್ಲೌಡ್‌ಶಿಫ್ಟಿನ ಮೇಲೆಯೇ ಅಚ್ಚಾಗಿದೆ: “ನಿಮ್ಮ ಹಿಡಿತದಲ್ಲಿ” ಮರಳುತ್ತದೆ. ಅದೇ ಜಾತಿಯ ಹಳೆಯ ಕಾರ್ಡ್ ಮೊಮೆಂಟರಿ ಬ್ಲಿಂಕ್. ಅದರಲ್ಲಿ ಇರುವುದು “ಒಡೆಯನ ಹಿಡಿತದಲ್ಲಿ” ಎಂದು. ಫ್ಲಿಕರ್‌ವಿಸ್ಪ್ ಕೂಡ ಒಡೆಯನಿಗೇ ಮರಳಿಸುತ್ತದೆ. ನಾನು ಆಟ ಕಲಿತದ್ದು ಬ್ಲಿಂಕ್ ಆಡುತ್ತ. ಹಾಗಾಗಿ ಈ ಜಾತಿಯ ಎಲ್ಲ ಕಾರ್ಡ್‌ಗಳೂ ಹಾಗೆಯೇ ಎಂದು ತಲೆಯಲ್ಲಿ ಕೂತಿತ್ತು. “ಯುವರ್” ಎಂದಿದೆಯೋ “ಓನರ್ಸ್” ಎಂದಿದೆಯೋ, ಒಂದು ಪದ. ಆ ಒಂದು ಪದವನ್ನು ಹುಡುಗ ನನ್ನ ಮೂಗಿನ ಮುಂದೆ ಹಿಡಿದಿದ್ದ.

ಇನ್ನೂ ನಾಚಿಕೆಗೇಡಿನ ಸಂಗತಿ ಎಂದರೆ, ಬೀಸ್ಟ್ ಅವನಿಗೆ ಸೇರಿದ್ದನ್ನು ನಾನು ತಕರಾರಿಲ್ಲದೆ ಒಪ್ಪಿದ್ದೆ. ಕಣ ಬಿಟ್ಟಾಗ ಥ್ರ್ಯಾಗ್‌ಟಸ್ಕ್ ಅವನ ಹಿಡಿತದಲ್ಲಿತ್ತು, ಆದ್ದರಿಂದ ಬೀಸ್ಟ್ ಅವನದು. ಅಂದರೆ ಅದು ಕಣ ಬಿಟ್ಟದ್ದನ್ನು ಒಪ್ಪಿದ್ದೇನೆ! ಬಿಟ್ಟದ್ದನ್ನು ಒಪ್ಪಿದವನು ಮರಳಿದ್ದು ಹೊಸದೆಂದು ಒಪ್ಪಬೇಡವೇ? ಅರ್ಧ ನಿಯಮ ನುಂಗಿ ಅರ್ಧ ಉಗುಳಿದ್ದೆ. ಇದಕ್ಕಿಂತ ಮೋಜಿನದು ಇನ್ನೊಂದಿದೆ. “ನನ್ನ ಕಾರ್ಡ್, ನನ್ನ ಕಾರ್ಡ್” ಎಂದು ನಾನು ಕೂಗಿದ ಆ ಥ್ರ್ಯಾಗ್‌ಟಸ್ಕ್ ನನ್ನದೇ ಆಗಿರಲಿಲ್ಲ, ಸಹೋದ್ಯೋಗಿಯಿಂದ ಎರವಲು ತಂದದ್ದು. (ಆಟದ ಮಟ್ಟಿಗೆ ಒಡೆಯ ನಾನೇ, ಅದು ಬೇರೆ ಮಾತು. ಯಾರ ಡೆಕ್‌ನಲ್ಲಿ ಆಟ ಶುರುವಾಯಿತೋ ಅವರೇ ಒಡೆಯರು. ಅಂಗಡಿಯಲ್ಲಿ ದುಡ್ಡು ಕೊಟ್ಟವರು ಯಾರೆಂದು ನಿಯಮಾವಳಿ ಕೇಳುವುದಿಲ್ಲ.)

ಆ ಮಹಡಿಯಲ್ಲಿ ಒಬ್ಬ ಜಡ್ಜ್ ಇದ್ದರು. ಹತ್ತು ಹೆಜ್ಜೆ ದೂರದಲ್ಲಿ ಚಹಾ ಕುಡಿಯುತ್ತಿದ್ದರು. ಇಬ್ಬರಲ್ಲಿ ಯಾರೂ ಕೈ ಎತ್ತಲಿಲ್ಲ. ಹುಡುಗ ಎತ್ತದಿದ್ದುದು ಸಂಕೋಚಕ್ಕೆ. ಜಡ್ಜನ್ನು ಕರೆಯುವುದೆಂದರೆ ಹೆಡ್‌ಮಾಸ್ತರರಿಗೆ ಚಾಡಿ ಹೇಳಿದಂತೆ ಎಂದು ನಮ್ಮಲ್ಲಿ ಅನ್ನಿಸಿಬಿಡುತ್ತದೆ. ನಾನು ಎತ್ತದಿದ್ದುದು ಗಲ್ಲಿ ಕ್ರಿಕೆಟ್ಟಿನ ಸಂಸ್ಕಾರಕ್ಕೆ: ಬ್ಯಾಟ್ ಮಾಡುವ ತಂಡದವನೇ ಅಂಪೈರ್, ಬ್ಯಾಟ್ ತಂದವನ ಮಾತೇ ತೀರ್ಪು.

ತಪ್ಪೆಂದು ಗೊತ್ತಾದದ್ದು ಕೆಲವು ತಿಂಗಳ ಬಳಿಕ, ಇನ್ನಷ್ಟು ದೊಡ್ಡ ಟೂರ್ನಮೆಂಟಿನಲ್ಲಿ. ಎದುರಾಳಿ ಅದೇ ಕಾನ್‌ಸ್ಕ್ರಿಪ್ಟ್ಸ್ ಇಳಿಸಿದ, ಈ ಸಲ ಕ್ಲೌಡ್‌ಶಿಫ್ಟಿನ ಬದಲು ಅದೇ ಕೆಲಸ ಮಾಡುವ ರೆಸ್ಟೊರೇಷನ್ ಏಂಜೆಲ್. ನಾನು ನಗುತ್ತಲೇ ಕೈ ಎತ್ತಿ ಜಡ್ಜನ್ನು ಕರೆದೆ. ನನ್ನ ಕಡೆ ಪೂರ್ವನಿದರ್ಶನವೇ ಇತ್ತಲ್ಲ! ಅವರು ವಾದ ಕೇಳಿಸಿಕೊಳ್ಳಲಿಲ್ಲ, ಏಂಜೆಲ್ ಕಾರ್ಡನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿ ಎಂದರು. ಓದಿದೆ. “ನಿಮ್ಮ ಹಿಡಿತದಲ್ಲಿ” ಎಂಬ ಕೊನೆಯ ಪದಗಳಿಗೆ ಬಂದಾಗ ದನಿ ತಾನಾಗಿ ಇಳಿಯಿತು. ಆದರೂ ಹಟ. ಮುಖ್ಯ ಜಡ್ಜ್‌ಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಆಟಗಾರನಿಗೆ ಇದೆ. ಸಲ್ಲಿಸಿದೆ. ಅವರೂ ಅದೇ ಕಾರ್ಡನ್ನು ಕೊಟ್ಟು ಅದನ್ನೇ ಓದಿಸಿದರು. ಆ ಸುತ್ತು ಸೋತೆ. ಮನೆಗೆ ಹೋಗುವ ಬಸ್ಸಿನಲ್ಲಿ ಕಾಡಿದ್ದು ಮಾತ್ರ ಆ ಸೋಲಲ್ಲ, “ಇರಬಹುದು” ಎಂದ ಹುಡುಗನ ಮುಖ.

ಮುಂದಿನ ಶುಕ್ರವಾರ ಅವನನ್ನು ಹುಡುಕಿ ಹೇಳಿದೆ. “ಗೊತ್ತಿತ್ತು ಸಾರ್” ಎಂದ. ಆ ಎರಡು ಕಾರ್ಡ್‌ಗಳ ಉಪಾಯವನ್ನು ಮೂರು ವಾರ ಕೂತು ಹೊಸೆದಿದ್ದನಂತೆ. ಆಮೇಲೆಯೂ ನಮಗೆ ಐದಾರು ಸಲ ಜೋಡಿ ಬಿತ್ತು. ಪ್ರತಿ ಸಲವೂ ನಾನು ಮೊದಲ ಲ್ಯಾಂಡ್ ಇಡುವ ಮೊದಲೇ ಅವನು ಜಡ್ಜ್ ಎಲ್ಲಿ ಕೂತಿದ್ದಾರೆ ಎಂದು ಒಮ್ಮೆ ಕತ್ತು ತಿರುಗಿಸಿ ನೋಡಿಕೊಳ್ಳುತ್ತಿದ್ದ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮತಕ್ಕೆ ಹಾಕುವುದು ಕೆಟ್ಟ ಆಲೋಚನೆ. ನಾಲ್ವರಲ್ಲಿ ಇಬ್ಬರಿಗೆ ಸ್ವಾರ್ಥ, ಮೂರನೆಯವನಿಗೆ ಇಬ್ಬರಲ್ಲಿ ಯಾರ ಬಲ ಹೆಚ್ಚಬಾರದು ಎಂಬ ಲೆಕ್ಕ, ಸೋತು ಎದ್ದವನಿಗೆ ಸೇಡು. ಮನೆಯ ನಿಯಮವೂ ಬೇಡ. ಆಟ ಶುರುವಾಗುವ ಮೊದಲು ಎಲ್ಲರೂ ಒಪ್ಪಿ ಏನಾದರೂ ಮಾಡಿಕೊಳ್ಳಿ, ಅದು ನಿಮ್ಮ ಖುಷಿ. ಜಗಳದ ನಡುವೆ ಹುಟ್ಟುವ ನಿಯಮಕ್ಕೆ ಅಪ್ಪ ಯಾವಾಗಲೂ ಆ ಹೊತ್ತಿಗೆ ಗೆಲ್ಲುತ್ತಿರುವವನೇ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ವಿವಾದ ಎಂದು ಕರೆದದ್ದು ವಿವಾದವೇ ಅಲ್ಲ. ಅದಕ್ಕೆ ಅಚ್ಚಾದ ಉತ್ತರವಿದೆ.

“ಕಾರ್ಡ್ ಯಾರದ್ದು” ಎಂದು ಕೇಳುವುದನ್ನು ಮೊದಲು ಬಿಡಿ. ಅದರಲ್ಲಿ ಎರಡು ಪ್ರಶ್ನೆಗಳು ಒಂದೇ ಅಂಗಿ ತೊಟ್ಟಿವೆ: ಒಡೆಯ ಯಾರು, ಹಿಡಿತ ಯಾರದ್ದು. ಭೋಗ್ಯಕ್ಕೆ ಕೊಟ್ಟ ಮನೆಯನ್ನು ನೆನಪಿಸಿಕೊಳ್ಳಿ. ಒಳಗೆ ವಾಸ, ಅಡುಗೆ, ಹಬ್ಬ ಎಲ್ಲ ಭೋಗ್ಯದವರದ್ದು, ಖಾತೆ ಮಾತ್ರ ಮಾಲೀಕರ ಹೆಸರಿನಲ್ಲಿ. ಕಿತ್ತುಕೊಂಡ ಜೀವಿಯಿಂದ ದಾಳಿ ಮಾಡುವುದು, ಅದರ ಶಕ್ತಿ ಬಳಸುವುದು, ಬಲಿ ಕೊಡುವುದು ಎಲ್ಲವೂ ಹಿಡಿತ ಇದ್ದವನದು. ಸತ್ತರೆ ಸೇರುವ ಗ್ರೇವ್‌ಯಾರ್ಡ್ (ಸತ್ತ ಕಾರ್ಡ್‌ಗಳ ರಾಶಿ) ಮಾತ್ರ ಒಡೆಯನದು, ಕೈಗೆ ಮರಳಿಸಿದರೆ ಒಡೆಯನ ಕೈಗೆ. 1974ರ ಭೂಸುಧಾರಣೆಯ “ಉಳುವವನೇ ಭೂಮಿಯ ಒಡೆಯ” ಈ ಆಟದಲ್ಲಿ ನಡೆಯುವುದಿಲ್ಲ. ಎಷ್ಟು ಕಾಲ ಉತ್ತರೂ ಗೇಣಿದಾರ ಗೇಣಿದಾರನೇ. ಒಂದೇ ಜೀವಿಯ ಮೇಲೆ ಇಬ್ಬರು ಹಿಡಿತ ಸಾಧಿಸಿದ್ದರೆ ಕೊನೆಗೆ ಬಂದದ್ದು ನಡೆಯುತ್ತದೆ. ಅದು ಮುಗಿದರೆ ಜೀವಿ ನಿಮಗೆ ಬರುವುದಿಲ್ಲ, ಹಿಂದಿನ ಹಿಡಿತದವನಿಗೆ ಹೋಗುತ್ತದೆ. ನಿಮ್ಮ ಜೀವಿಗೆ ಒಬ್ಬ ಹಿಡಿತ ಕಸಿಯುವ ಮೈಂಡ್ ಕಂಟ್ರೋಲ್ ಎಂಬ ಕಾರ್ಡ್ ಅಂಟಿಸಿದ್ದಾಗ ಮತ್ತೊಬ್ಬ ಆ್ಯಕ್ಟ್ ಆಫ್ ಟ್ರೀಸನ್ ಆಡಿ ಅದನ್ನು ಒಂದು ಸರದಿಗೆ ಒಯ್ದರೆ, ಸರದಿ ಮುಗಿದಾಗ ಅದು ಮೊದಲ ಕಳ್ಳನ ಮನೆಗೇ.

ಸೋತು ಎದ್ದವನ ವಿಷಯ 800.4ಎ ನಿಯಮದಲ್ಲಿದೆ. ಆಟಗಾರ ಆಟ ಬಿಟ್ಟಾಗ ಅವನ ಒಡೆತನದ ಕಾರ್ಡ್‌ಗಳು, ಯಾರ ಹಿಡಿತದಲ್ಲಿದ್ದರೂ, ಅವನೊಂದಿಗೆ ಹೊರಡುತ್ತವೆ. ಅವನಿಗೆ ಹಿಡಿತ ಕೊಟ್ಟಿದ್ದ ಪರಿಣಾಮಗಳು ಮುಗಿಯುತ್ತವೆ. ಇಷ್ಟಾದ ಮೇಲೂ ಅವನ ಹಿಡಿತದಲ್ಲೇ ಉಳಿದದ್ದು ಗಡಿಪಾರು. ಅವನು ಮೈಂಡ್ ಕಂಟ್ರೋಲ್ ಅಂಟಿಸಿ ಒಯ್ದಿದ್ದರೆ ಅದು ಅವನ ಕಾರ್ಡ್, ಅವನ ಜೊತೆ ಹೋಗುತ್ತದೆ, ನಿಮ್ಮ ಜೀವಿ ನಿಮಗೆ ಮರಳುತ್ತದೆ. ಆದರೆ ನಿಮ್ಮ ಗ್ರೇವ್‌ಯಾರ್ಡಿನಿಂದ ರೀಆ್ಯನಿಮೇಟ್ ಬಳಸಿ ಎಬ್ಬಿಸಿ ತನ್ನ ಕಡೆ ಇಳಿಸಿದ್ದರೆ, ಅಲ್ಲಿ ಹಿಡಿತ ಬದಲಿಸಿದ ಪರಿಣಾಮವೇ ಇಲ್ಲ, ಅದು ಬಂದದ್ದೇ ಅವನ ಹಿಡಿತದಲ್ಲಿ. ಆಗ ಗಡಿಪಾರು, ನಿಮಗೆ ಸಿಗುವುದಿಲ್ಲ. ನನ್ನ ಥ್ರ್ಯಾಗ್‌ಟಸ್ಕಿಗೂ ನಾಲ್ವರ ಆಟದಲ್ಲಿ ಅದೇ ಗತಿಯಾಗುತ್ತಿತ್ತು. ಹೊಟ್ಟೆ ಉರಿಯುತ್ತದೆ, ನಿಜ, ಆದರೆ ನಿಯಮ ಸ್ಪಷ್ಟವಾಗಿದೆ.

ಮನೆಯಲ್ಲಿ ಜಡ್ಜ್ ಇಲ್ಲ ಎನ್ನುತ್ತೀರಿ. ಮೊಬೈಲ್ ಇದೆಯಲ್ಲ. ಗ್ಯಾದರರ್ ಎಂಬ ಅಧಿಕೃತ ಕೋಶದಲ್ಲಿ ಕಾರ್ಡ್‌ನ ಹೆಸರು ಹಾಕಿದರೆ ಈಗಿನ ಅಧಿಕೃತ ಪಠ್ಯವೂ ಎಷ್ಟೋ ಕಾರ್ಡ್‌ಗಳಿಗೆ ತೀರ್ಪುಗಳೂ ಸಿಗುತ್ತವೆ. ಹಳೆಯ ಕಾರ್ಡ್‌ಗಳಲ್ಲಿ ಅಚ್ಚಾದ ಮಾತಿಗಿಂತ ಆ ಪಠ್ಯವನ್ನೇ ನಂಬಿ. ಓದುವ ಕೆಲಸವನ್ನು ಜಗಳದಲ್ಲಿ ಇಲ್ಲದವನಿಗೆ ಕೊಡಿ, ಗಟ್ಟಿಯಾಗಿ ಓದಿಸಿ, ಓದಿ ಮುಗಿಯುವವರೆಗೆ ಯಾರೂ ಕಾರ್ಡ್ ಮುಟ್ಟಬಾರದು. ನಾನು ಕೈಚಾಚಿದ ಕ್ಷಣಕ್ಕೇ ನನ್ನ ಆಟ ಕೆಟ್ಟದ್ದು. ಮೇಜಿನ ಮೇಲೆ ಕಾರ್ಡ್ ಒಮ್ಮೆ ಜಾಗ ಬದಲಿಸಿದರೆ ಅದನ್ನು ಹಿಂದಕ್ಕೆ ತಳ್ಳುವ ಧೈರ್ಯ ಮೆತ್ತಗಿನವರಿಗೆ ಬರುವುದಿಲ್ಲ.

ನಿಮ್ಮ ಜೀವಿಯನ್ನು ಅವನು ಯಾವ ಕಾರ್ಡ್‌ನಿಂದ ಕಿತ್ತುಕೊಂಡ ಎಂಬುದನ್ನೇ ನೀವು ಬರೆದಿಲ್ಲ. ಅಷ್ಟು ಹೊತ್ತು ಜಗಳವಾಡಿದವರಲ್ಲಿ ಯಾರಿಗಾದರೂ ಅದರ ಹೆಸರು ನೆನಪಿದ್ದರೆ ಕೆಳಗೆ ಬರೆಯಿರಿ, ಜೀವಿ ನಿಮ್ಮ ಕಡೆಗೋ ಗಡಿಪಾರಿಗೋ ಹೇಳುತ್ತೇನೆ.