ಅಮೆರಿಕದಲ್ಲಿ ಸ್ವಲ್ಪ ದಪ್ಪ, ಹಾಸನದಲ್ಲಿ ಬೊಜ್ಜು: ಯಾವುದು ಸರಿ ಡಾಕ್ಟ್ರೇ?

ಪ್ರಶ್ನೆ: ನನಗೆ 46 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 63 ಕೆಜಿ. ಇಲ್ಲಿನ ಡಾಕ್ಟರು ಚೀಟಿಯಲ್ಲಿ ‘ಒಬೆಸಿಟಿ’ ಅಂತ ಬರೆದಿದ್ದಾರೆ. ಅಮೆರಿಕದಲ್ಲಿರುವ ಮಗಳು ‘ಇಲ್ಲಿನ ಲೆಕ್ಕದಲ್ಲಿ ನೀನು ಸ್ವಲ್ಪ ದಪ್ಪ, ಅಷ್ಟೇ’ ಅನ್ನುತ್ತಾಳೆ. ನಮ್ಮ ಅತ್ತೆಯಂತೂ ‘ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ, ಸುಮ್ನಿರು’ ಅನ್ನುತ್ತಾರೆ. ಯಾರ ಮಾತು ನಂಬಲಿ?
- ಓದುಗರು, ಹಾಸನ

ಉತ್ತರ: ನೋಡಿ ಅಮ್ಮ, ಡಾಕ್ಟರು ಹೇಳಿದ್ದೂ ಸರಿ, ಮಗಳು ಹೇಳಿದ್ದೂ ಸರಿ. ಅತ್ತೆಯವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಕ್ಷಯ, ಬರ, ಮೇಲಿಂದ ಮೇಲೆ ಹೆರಿಗೆ ಕಂಡ ತಲೆಮಾರು ಅವರದು. ಮೈ ತುಂಬಿದೆ ಅಂದರೆ ಮನೆಯಲ್ಲಿ ಉಣ್ಣೋಕಿದೆ, ಕಾಯಿಲೆ ಇಲ್ಲ ಅಂತ ಅರ್ಥ. ಆ ಕಾಲಕ್ಕೆ ಅದು ಒಳ್ಳೆಯ ಗುರುತೇ ಆಗಿತ್ತು.

ಇನ್ನು ಲೆಕ್ಕಕ್ಕೆ ಬರೋಣ. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಿಮ್ಮದು ಸುಮಾರು 25.4. ಅಮೆರಿಕದಲ್ಲಿ 25 ದಾಟಿದರೆ ಹೆಚ್ಚು ತೂಕ, 30ಕ್ಕೆ ಬೊಜ್ಜು. ನಮ್ಮ ದೇಶದ ತಜ್ಞರು 2009ರಲ್ಲಿ ಈ ಗೆರೆಗಳನ್ನು 23 ಮತ್ತು 25ಕ್ಕೆ ಇಳಿಸಿದರು.

ಈ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡೋಲ್ಫ್ ಕ್ವೆಟೆಲೆ ಎಂಬ ಗಣಿತಜ್ಞ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಹುಡುಕುತ್ತಾ ಇದನ್ನು ಕಂಡುಕೊಂಡರು. ದಪ್ಪ, ರೋಗ ಇವೆಲ್ಲ ಅವರ ತಲೆಯಲ್ಲೇ ಇರಲಿಲ್ಲ. ಆಮೇಲೆ ಅಮೆರಿಕದ ಜೀವವಿಮೆ ಕಂಪನಿಗಳು ಬಂದವು. ಯಾರು ಬೇಗ ಸಾಯುತ್ತಾರೆ ಎಂದು ತಿಳಿಯುವುದು ಅವರ ವ್ಯಾಪಾರಕ್ಕೆ ಬೇಕಿತ್ತು. ಹಾಗಾಗಿ ಎತ್ತರಕ್ಕೆ ತಕ್ಕ ತೂಕದ ಪಟ್ಟಿಗಳನ್ನು ಮಾಡಿದರು. ಕ್ವೆಟೆಲೆಯ ಲೆಕ್ಕಕ್ಕೆ ಬಿಎಂಐ ಅಂತ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್, 1972ರಲ್ಲಿ. ಅವರು ಆಗ ಅಳೆದು ನೋಡಿದ 7,000ಕ್ಕೂ ಹೆಚ್ಚು ಜನರೆಲ್ಲ ಗಂಡಸರು. ಗೆರೆ ಅಲ್ಲೂ ಓಡಾಡಿದೆ: 1998ರಲ್ಲಿ ಅಮೆರಿಕ ಹೆಚ್ಚು ತೂಕದ ಗೆರೆಯನ್ನು 25ಕ್ಕೆ ಇಳಿಸಿದಾಗ, ಒಂದು ಗ್ರಾಮೂ ದಪ್ಪ ಆಗದೆ ಎರಡು ಕೋಟಿಗೂ ಹೆಚ್ಚು ಜನ ಅದರೊಳಗೆ ಬಂದುಬಿಟ್ಟರು.

ಹಾಗಾದರೆ ನಮ್ಮದನ್ನು ಇನ್ನೂ ಯಾಕೆ ಇಳಿಸಿದರು? ಕಾರಣ ನಮ್ಮ ಮೈಯಲ್ಲೇ ಇದೆ. 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐಯೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ನರಿಗೆ ಶೇ 9.1, ಯಾಜ್ಞಿಕರಿಗೆ ಶೇ 21.2! ನೋಡುವುದಕ್ಕೆ ಇಬ್ಬರೂ ಸಣ್ಣ. ನನ್ನ ಕಿರಿಯ ಡಾಕ್ಟರುಗಳಿಗೆ ನಾನು ಮೊದಲು ತೋರಿಸುವುದೇ ಆ ಫೋಟೋ.

ಈ ಕಥೆಯಲ್ಲಿ ಮೈಸೂರಿಗೂ ದೊಡ್ಡ ಪಾಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ (ಹಳಬರಿಗೆ ಅದು ಮಿಷನ್ ಆಸ್ಪತ್ರೆ) 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ಪುಸ್ತಕಗಳು ಉಳಿದಿದ್ದವು. ಸಂಶೋಧಕರು ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲೇ ಹೃದಯದ ಕಾಯಿಲೆ ಜಾಸ್ತಿ ಇತ್ತು. ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗ ಇನ್ನೊಂದು ವಿಷಯ ಕಂಡಿತು. ಬ್ರಿಟನ್ನಿನ ಕೂಸುಗಳಿಗಿಂತ ನಮ್ಮ ಕೂಸುಗಳು ಸಣ್ಣ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇರಲಿಲ್ಲ. ಮೈಸೂರಿನ ಯಾವುದೋ ನರ್ಸಮ್ಮ ಬೇಸರಪಡದೆ ತೂಕ ಬರೆದಿಟ್ಟಿದ್ದರಿಂದ ಜಗತ್ತಿಗೇ ಒಂದು ವಿಷಯ ತಿಳಿಯಿತು. ನನಗೆ ಅದು ಬಹಳ ಹೆಮ್ಮೆಯ ಸಂಗತಿ.

ಕೊಬ್ಬು ಎಷ್ಟಿದೆ ಅನ್ನುವಷ್ಟೇ ಎಲ್ಲಿದೆ ಅನ್ನುವುದೂ ಮುಖ್ಯ. ಫ್ರಾನ್ಸಿನ ಡಾ. ಜಾನ್ ವಾಗ್ 1947ರಲ್ಲೇ ಇದನ್ನು ಹೇಳಿದ್ದರು. ತೊಡೆ, ಸೊಂಟದ ಕೊಬ್ಬು ಅಷ್ಟು ಕಾಡುವುದಿಲ್ಲ. ಹೊಟ್ಟೆಯೊಳಗೆ, ಲಿವರ್ ಸುತ್ತ ಕೂರುವುದು ಸಕ್ಕರೆ ಕಾಯಿಲೆ ತರುತ್ತದೆ. ಅದಕ್ಕೇ ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಟೈಲರ್ ಟೇಪ್ ಇರುತ್ತದೆ. ನೀವೂ ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ದಾಟಿದ್ದರೆ ಖಾಲಿಹೊಟ್ಟೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ದಾಟಿಲ್ಲ, ಮನೆಯಲ್ಲಿ ಯಾರಿಗೂ ಸಕ್ಕರೆ ಇಲ್ಲ ಅಂದರೆ ಆ ಚೀಟಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೂ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ, 98 ಕೆಜಿ ಇದ್ದೇನೆ. ಮನೆಯಲ್ಲಿ ಎಲ್ಲರೂ ‘ತಿಂದು ತಿಂದು ಹೀಗಾದೆ’ ಅಂತಾರೆ. ಅಣ್ಣ ನನಗಿಂತ ಒಂದು ಮುದ್ದೆ ಜಾಸ್ತಿ ಉಣ್ಣುತ್ತಾನೆ, ಆದರೂ ಸಣ್ಣಗಿದ್ದಾನೆ. ಇದು ನನ್ನ ತಪ್ಪಾ?
- ಓದುಗ, ಚಿತ್ರದುರ್ಗ

ಉತ್ತರ: ಅಲ್ಲಪ್ಪ. ಈ ಉತ್ತರವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ.

ಕೆನಡಾದಲ್ಲಿ ಕ್ಲಾಡ್ ಬುಶಾರ್ ಎಂಬವರು 12 ಜೋಡಿ ಅವಳಿ ಯುವಕರಿಗೆ 84 ದಿನ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಎಲ್ಲರಿಗೂ ಅಷ್ಟೇ ಹೆಚ್ಚುವರಿ ಊಟ. ಒಬ್ಬ 4.3 ಕೆಜಿ ಏರಿದ, ಇನ್ನೊಬ್ಬ 13.3 ಕೆಜಿ. ಆದರೆ ಅವಳಿಗಳಿಬ್ಬರು ಹೆಚ್ಚುಕಡಿಮೆ ಒಂದೇ ತರಹ ಏರಿದರು. 1990ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದಕ್ಕೂ ಮೊದಲು, 1986ರಲ್ಲಿ, ಡೆನ್ಮಾರ್ಕಿನ ದತ್ತು ಮಕ್ಕಳನ್ನು ನೋಡಿದಾಗ ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು, ಸಾಕಿದವರನ್ನಲ್ಲ.

ನಮ್ಮ ಚರಕಸಂಹಿತೆ ನೋಡಿ. ಜನರ ನಿಂದೆಗೆ ಗುರಿಯಾಗುವ ಎಂಟು ಬಗೆಯ ಮೈಕಟ್ಟುಗಳ ಸಾಲಿನಲ್ಲಿ ಅತಿ ದಪ್ಪವನ್ನೂ ಸೇರಿಸಿದೆ. ಆದರೆ ಕಾರಣ ಹೇಳುವಾಗ ಸಿಹಿ, ಜಿಡ್ಡು, ಹಗಲು ನಿದ್ದೆಯ ಜೊತೆಗೆ ‘ಬೀಜಸ್ವಭಾವ’ವನ್ನೂ, ಅಂದರೆ ಹುಟ್ಟಿನಿಂದ ಬಂದದ್ದನ್ನೂ ಹೇಳುತ್ತದೆ. ನಾವು ನಿಂದೆಯನ್ನು ಮಾತ್ರ ಉಳಿಸಿಕೊಂಡೆವು. ಅದು ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ.

1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಕಂಡುಹಿಡಿಯಿತು. ‘ಸಾಕಷ್ಟು ಇದೆ’ ಎಂದು ಕೊಬ್ಬೇ ಮೆದುಳಿಗೆ ಹೇಳಿಕಳಿಸುವ ಹಾರ್ಮೋನ್ ಅದು. ಮೂರು ವರ್ಷದ ಬಳಿಕ ಇಂಗ್ಲೆಂಡಿನಲ್ಲಿ, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳು ಸಿಕ್ಕರು. ಎಂಟು ವರ್ಷದ ಹುಡುಗಿ 86 ಕೆಜಿ ಇದ್ದಳು. ಚುಚ್ಚುಮದ್ದು ಕೊಟ್ಟ ಮೇಲೆ ಅವಳ ಹಸಿವು ಇಳಿಯಿತು, ತೂಕವೂ ಇಳಿಯಿತು. ಇಂಥ ಕೊರತೆ ತೀರಾ ಅಪರೂಪ, ನಿಮಗೆ ಇರುವುದು ಅನುಮಾನ. ಆದರೆ ಹಸಿವು ಬರೀ ಮನೋಬಲದ ಮಾತಲ್ಲ ಎಂದು ಆ ಮಕ್ಕಳಿಂದ ಗೊತ್ತಾಯಿತು, ಅಲ್ವಾ?

ಹಾಗಂತ ಕೈಕಟ್ಟಿ ಕೂರಬೇಡಿ. ಅಜ್ಜನ ಜೀನ್‌ಗಳೇ ನಿಮ್ಮಲ್ಲೂ ಇವೆ. ಆದರೆ ಅಜ್ಜನಿಗೆ ಎಣ್ಣೆ, ಸಕ್ಕರೆ ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ, ಹೊಲಕ್ಕೆ ಬೈಕೂ ಇರಲಿಲ್ಲ. ಈಗಿರುವ ತೂಕದಲ್ಲಿ ಐದಾರು ಕೆಜಿ ಇಳಿದರೂ ಸಕ್ಕರೆ, ಬಿಪಿಗೆ ಒಳ್ಳೆಯದಾಗುತ್ತದೆ. ಮೊದಲು ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್ ಬಿಡಿ. ಮುದ್ದೆ ಬಿಡಬೇಕಾಗಿಲ್ಲ. ಥೈರಾಯ್ಡ್ ಒಮ್ಮೆ ನೋಡಿಸಿ.

ಪ್ರಶ್ನೆ: ಜಿಮ್‌ನಲ್ಲಿ ಒಬ್ಬರು ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ತರಿಸಿಕೊಡುತ್ತೇನೆ ಅನ್ನುತ್ತಾರೆ. ತಗೊಳ್ಳಬಹುದಾ?
- ಓದುಗರು, ಬೆಂಗಳೂರು

ಉತ್ತರ: ಜಿಮ್‌ನಿಂದ ಖಂಡಿತ ಬೇಡ. ಔಷಧಿ ಒಳ್ಳೆಯದೇ. ಊಟವಾದ ಮೇಲೆ ಕರುಳಿನಲ್ಲಿ ಬರುವ ಹಾರ್ಮೋನ್‌ಗಳನ್ನು ಅದು ಅನುಕರಿಸುತ್ತದೆ. 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು. ಆದರೆ ತೂಕ ಇಳಿಸುವ ಔಷಧಿಗಳ ಹಳೆಯ ಚರಿತ್ರೆ ಚೆನ್ನಾಗಿಲ್ಲ. 1930ರ ದಶಕದ ಡೈನೈಟ್ರೊಫಿನಾಲ್ ಹಲವರ ಕಣ್ಣು ಕೆಡಿಸಿತು, ಕೆಲವರ ಪ್ರಾಣ ತೆಗೆಯಿತು. 1997ರಲ್ಲಿ ಫೆನ್‌ಫ್ಲುರಮಿನ್ ಹೃದಯದ ಕವಾಟಕ್ಕೆ ಹಾನಿ ಮಾಡುತ್ತದೆ ಎಂದು ಅಮೆರಿಕದಲ್ಲಿ ವಾಪಸ್ ತೆಗೆದುಕೊಂಡರು. ಈ ಹೊಸ ಇಂಜೆಕ್ಷನ್‌ಗಳು ಅವುಗಳಿಗಿಂತ ಎಷ್ಟೋ ಉತ್ತಮ. ಆದರೆ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮತ್ತೆ ಬರುತ್ತದೆ. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರು, ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು, ಗರ್ಭಿಣಿ ಆಗಬೇಕೆಂದಿರುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಅದನ್ನೆಲ್ಲ ಕೇಳಿ, ರಕ್ತಪರೀಕ್ಷೆ ನೋಡಿ ಬರೆದುಕೊಡುವ ಫಿಜಿಷಿಯನ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಬಿಲ್ ಸಮೇತ, ಫ್ರಿಜ್‌ನಲ್ಲಿಟ್ಟಿದ್ದನ್ನೇ ತೆಗೆದುಕೊಳ್ಳಿ.