ಆಲೆಮನೆಯವರ ಮಾತು ಆಲೆಮನೆಯವರದೇ ಇರಲಿ

ಪತ್ರ: ನಾನು ಮಂಡ್ಯದ ಕಾಲೇಜೊಂದರಲ್ಲಿ ಮೇಷ್ಟ್ರು. ಬೆಲ್ಲ ಕಾಯಿಸುವಾಗ, ಬಣ್ಣ ತಿಳಿಯಾಗಲು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕದ ಬದಲು ಬೆಂಡೆಗಿಡದ ಲೋಳೆ ಬಳಸುವ ಸಂಶೋಧನೆಗೆ ಅನುದಾನ ಕೇಳುತ್ತಿದ್ದೇನೆ. ಆಲೆಮನೆಯವರ ಬೆಂಬಲ ಪತ್ರ ಬೇಕು. ಅವರಿಗೆ ಇಂಗ್ಲಿಷ್ ಬಾರದು. ನಾನೇ ಬರೆದು ಸಹಿ ಹಾಕಿಸಿದರೆ ತಪ್ಪಾ?

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಕಷ್ಟ ಗೊತ್ತು. ಕೊನೇ ದಿನ ತಲೆ ಮೇಲೆ ಬಂದಿರುತ್ತದೆ, ಎಲ್ಲರೂ ಹೀಗೇ ಮಾಡುತ್ತಾರೆ. ಆದರೂ ಬೇಡ.

ನಾನೇ ಒಮ್ಮೆ ಸಿಕ್ಕಿಬಿದ್ದವನು. ಪರಿಚಯದವರೊಬ್ಬರು ನನ್ನ ಹೆಸರಿನ ಪತ್ರವನ್ನು ಟೈಪ್ ಮಾಡಿಸಿಕೊಂಡೇ ಬಂದರು. ‘ಈ ಮಹತ್ವದ ಯೋಜನೆಗೆ ನಮ್ಮ ಪತ್ರಿಕೆ ಸರ್ವ ಸಹಕಾರ ನೀಡಲಿದೆ’ ಅಂತಿತ್ತು. ಕಾಫಿ ಆರುವ ಮೊದಲೇ ಸಹಿ ಹಾಕಿದೆ. ಎರಡು ವರ್ಷ ಬಿಟ್ಟು ಒಬ್ಬ ಹುಡುಗಿ ನಮ್ಮ ಮೈಸೂರಿನ ಕಚೇರಿಗೆ ಬಂದು, ಹಳೇ ಸಂಚಿಕೆಗಳೆಲ್ಲ ಬೇಕು ಸಾರ್ ಎಂದಳು. ಅವು ಅಟ್ಟದ ಮೇಲಿದ್ದವು, ಅರ್ಧ ಗೆದ್ದಲಿನ ಪಾಲು. ಅವಳಿಗೆ ಕೂರಲು ಮೇಜೂ ಇಲ್ಲ. ಪಾಪ, ಮೆಟ್ಟಿಲ ಮೇಲೆ ಕೂತು ಧೂಳು ಕೊಡವುತ್ತಾ ಬರೆದುಕೊಂಡಳು. ನನ್ನ ಸರ್ವ ಸಹಕಾರ!

ದುಡ್ಡು ಕೊಡುವವರಿಗೂ ಹೊಗಳಿಕೆ ಬೇಕಿಲ್ಲ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್, ತಾನು ಕೇಳದ ಹೊರತು ಬೆಂಬಲ ಪತ್ರ ಇಡಲೇಬೇಡಿ ಎನ್ನುತ್ತದೆ. ಜೊತೆಗೆ ಕೆಲಸ ಮಾಡುವವರ ಪತ್ರಕ್ಕೆ ಅದು ಕೊಟ್ಟಿರುವ ಮಾದರಿ ಒಂದೇ ವಾಕ್ಯ: ಅನುದಾನ ಸಿಕ್ಕರೆ ಅರ್ಜಿಯಲ್ಲಿ ಹೇಳಿದಂತೆ ಕೈಜೋಡಿಸುತ್ತೇನೆ. ಬ್ರಿಟನ್ನಿನಲ್ಲಿ ಸಂಶೋಧನೆಗೆ ಸರ್ಕಾರದ ದುಡ್ಡು ಹಂಚುವ ಯುಕೆಆರ್‌ಐ ಸಂಸ್ಥೆ ಇನ್ನೊಂದು ದಾರಿ ಹಿಡಿದಿದೆ. ಜೊತೆಗಾರರು ಏನು ಕೊಡುತ್ತಾರೆ, ಅದರ ಬೆಲೆ ಎಷ್ಟು, ಅವರಿಗೇನು ಲಾಭ ಅಂತ ಬಿಡಿಸಿ ಕೇಳುತ್ತದೆ. ನೀವು ಅರ್ಜಿ ಹಾಕುವ ಕಡೆಯ ನಿಯಮ ಒಮ್ಮೆ ನೋಡಿಕೊಳ್ಳಿ.

ಆಮೇಲೆ ಆಲೆಮನೆಗೆ ಹೋಗಿ ಕೊಪ್ಪರಿಗೆ ಪಕ್ಕ ಕೂರಿ. ‘ವಾರಕ್ಕೊಂದು ಕೊಪ್ಪರಿಗೆ ಕಬ್ಬಿನ ಹಾಲು ಬಿಡ್ತೀನಿ. ಆದ್ರೆ ಬೆಲ್ಲ ಕಪ್ಪಾದ್ರೆ ಮಂಡೀಲಿ ಯಾರ್ ತಗೋತಾರೆ ಸ್ವಾಮಿ?’ ಅಂತ ಅವರು ಕೇಳಿಯೇ ಕೇಳುತ್ತಾರೆ. ಅದನ್ನೇ ಬರೆಸಿ, ಕನ್ನಡದಲ್ಲೇ. ಕೆಳಗೆ ಇಂಗ್ಲಿಷ್ ಅನುವಾದ ಮಾಡಿಕೊಡುವುದು ನಿಮ್ಮ ಕೆಲಸ. ನಿಮ್ಮ ಸಂಶೋಧನೆ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಉಂಟಾ?

ನಮ್ಮಲ್ಲಿ ಈ ಚಾಳಿ ಬರೀ ಅರ್ಜಿಗಳದ್ದಲ್ಲ. ಮುನ್ನುಡಿಯನ್ನು ಲೇಖಕರೇ ಬರೆದು ಹಿರಿಯರ ಸಹಿ ಹಾಕಿಸುತ್ತಾರೆ. ಸನ್ಮಾನ ಪತ್ರದಲ್ಲಿ ಹೆಸರು ಮಾತ್ರ ಬದಲು, ಸರಳ ಸಜ್ಜನಿಕೆ ಎಲ್ಲರದೂ ಒಂದೇ. ನಮಗೆ ಬರುವ ‘ಓದುಗರ ಮೆಚ್ಚುಗೆ’ಗಳಲ್ಲೂ ಕೆಲವು ಲೇಖಕರ ಮನೆಯಿಂದಲೇ ಬರುತ್ತವೆ, ಅಕ್ಷರ ನೋಡಿದರೆ ತಿಳಿಯುತ್ತೆ, ಸುಮ್ನೆ ಇರುತ್ತೇನೆ ಅಷ್ಟೆ.

ಅಂದಹಾಗೆ, ಆಲೆಮನೆಯವರು ನಷ್ಟದ ಮಾತು ಎತ್ತಿದರೆ ಬೇಜಾರು ಮಾಡಿಕೊಳ್ಳಬೇಡಿ. ಆ ದುಡ್ಡನ್ನೂ ಬಜೆಟ್ಟಿಗೆ ಸೇರಿಸಿ.