ಹೊಲಿಗೆ ಮಿಷನ್ನಿಗಿಂತ ಮೊದಲು ಲೆಕ್ಕದ ಪುಸ್ತಕ

ಗಂಗಾವತಿಯ ತಂಗಿಗೆ,

ಮೆಲ್ಬರ್ನಿಗೆ ಓದಲು ಬಂದಿದ್ದೀಯ. ಊರಲ್ಲಿ ಅಮ್ಮನ ಜೊತೆ ಬ್ಲೌಸ್ ಹೊಲಿದು ಅಭ್ಯಾಸ ಇದೆ. ರೂಮಿನ ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ಆಲ್ಟ್ರೇಷನ್ ಕೆಲಸ ಶುರು ಮಾಡಬಹುದಾ, ಬಂಡವಾಳ ಎಷ್ಟು ಬೇಕು, ಚಳಿ ಬಾಡಿಗೆ ಎಲ್ಲ ಹೇಗೆ ಅಂತ ಕೇಳಿದ್ದೀಯ. ನಾನು ಬಳ್ಳಾರಿಯವಳು, ಇಲ್ಲಿ ಮಾಡುತ್ತಿರುವುದೂ ಅದೇ ಕೆಲಸ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಕಡೆಯ ಬಿಸಿಲಲ್ಲಿ ಬೆಳೆದವರಿಗೆ ಇಲ್ಲಿನ ಮೊದಲ ಜೂನ್ ಚಳಿ ಕಷ್ಟವೇ, ಒಳಗೆ ಹಾಕಿಕೊಳ್ಳಲು ಉಣ್ಣೆ ಬಟ್ಟೆ ತಗೋ. ಬಾಡಿಗೆ ಜಾಸ್ತಿ, ಅದನ್ನು ಆಗಲೇ ನೋಡಿರುತ್ತೀಯ. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿ.

ವೀಸಾ ವಿಷಯ ಮಾತ್ರ ಸರಿಯಾಗಿ ಕೇಳಿಸಿಕೋ. ಸ್ಟೂಡೆಂಟ್ ವೀಸಾದವರು ಕ್ಲಾಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. 2023ರ ಜುಲೈಯಿಂದ ಇದೇ ನಿಯಮ. ಮನೆಯಲ್ಲಿ ಕೂತು ಗಿರಾಕಿಗೆ ಹೊಲಿದ ಗಂಟೆಯೂ ಇದರೊಳಗೇ ಬರುತ್ತದೆ. ಯಾರು ನೋಡುತ್ತಾರೆ ಅನ್ನಬೇಡ, ಅಪ್ಪ ಅಮ್ಮ ಸಾಲ ಮಾಡಿ ಕಳಿಸಿರುತ್ತಾರೆ. ಸ್ವಂತ ವ್ಯಾಪಾರ ಮಾಡುವವರಿಗೆ ಬೇಕಾದ ಎಬಿಎನ್ ನಂಬರು ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಮಾಡಿಸಿಕೊಡುತ್ತೇವೆ ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡ. ಮೂವರೂ ಪಾಲುದಾರರಾದರೆ ಪಾಲುದಾರಿಕೆಗೆ ಬೇರೆಯದೇ ಎಬಿಎನ್ ಬೇಕು. ವರ್ಷದ ವಹಿವಾಟು 75,000 ಡಾಲರ್ ಮುಟ್ಟುವವರೆಗೆ ಜಿಎಸ್‌ಟಿ ಕಡ್ಡಾಯ ಅಲ್ಲ. ಆದರೆ ಬಂದ ಆದಾಯವನ್ನೆಲ್ಲ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಬೇಕು, ರಸೀದಿಗಳನ್ನು 5 ವರ್ಷ ಜೋಪಾನ ಮಾಡಬೇಕು.

ಊರಿಂದ ಮಿಷನ್ ತರಿಸಬೇಡ. ಇಲ್ಲಿನ ಕರೆಂಟಿಗೆ ಓಡುತ್ತದೆ, ಆದರೆ ವಿಮಾನದ ತೂಕಕ್ಕೆ ಕಟ್ಟುವ ದುಡ್ಡಿನಲ್ಲಿ ಇಲ್ಲೇ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಬಂಡವಾಳ ಅಂದರೆ ಅಷ್ಟೇ, ಜೊತೆಗೆ ಒಳ್ಳೆ ಕತ್ತರಿ, ದಾರ, ಜೀನ್ಸಿಗೆ 16 ಮತ್ತು 18ನೇ ನಂಬರಿನ ಸೂಜಿ.

ನಾನು ಬಂದ ಹೊಸತರಲ್ಲಿ ಒಂದು ಜೀನ್ಸ್ ಕೊಂಡೆ. ಕಾಲು ಉದ್ದವಾಗಿ ನೆಲ ಗುಡಿಸುತ್ತಿತ್ತು. ಮಾಲ್‌ನಲ್ಲಿ ಗಿಡ್ಡ ಮಾಡಲು ಹೇಳಿದ ರೇಟು ಕೇಳಿ ಪ್ಯಾಂಟನ್ನು ಹಾಗೇ ವಾಪಸ್ ತಂದೆ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೌಲ್ ಬಜಾರಿನಲ್ಲಿ ಬೆಳೆದವಳು. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ಕಾಜಾ ಬಟನ್, ಆಮೇಲೆ ವಾಷಿಂಗ್. ಒಂದು ಪ್ಯಾಂಟು ಎಷ್ಟೋ ಜನರ ಕೈ ದಾಟಿ ಅಂಗಡಿಗೆ ಹೋಗುತ್ತಿತ್ತು. ಬಳ್ಳಾರಿ ಜೀನ್ಸ್ ಅಂದರೆ ನನಗೆ ಇವತ್ತಿಗೂ ಹೆಮ್ಮೆ.

ಇಲ್ಲಿನ ಗಿರಾಕಿಗೆ ಜೀನ್ಸಿನ ಅಂಚಿನ ಮಾಸಿದ ಬಣ್ಣ ಹಾಗೇ ಉಳಿಯಬೇಕು. ಅಂಚು ಕತ್ತರಿಸಬಾರದು. ಉದ್ದ ಹೆಚ್ಚಾದ ಬಟ್ಟೆಯನ್ನು ಒಳಗೆ ಮಡಿಸಿ, ಹಳೇ ಅಂಚಿಗೆ ಒತ್ತಿಕೊಂಡು ಒಂದು ಹೊಲಿಗೆ ಹಾಕು. ಒಳಗೆ ಉಳಿದ ಬಟ್ಟೆ ಕತ್ತರಿಸಿ, ನೂಲು ಬಿಚ್ಚದಂತೆ ಓವರ್‌ಲಾಕ್ ಮಾಡು. ಪಕ್ಕದ ದಪ್ಪ ಹೊಲಿಗೆ ಬಂದಾಗ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಚಪ್ಪಟೆ ಮಾಡಿಕೋ, ಪೆಡಲ್ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸು. ಇಲ್ಲದಿದ್ದರೆ ಸೂಜಿ ಮುರಿಯುತ್ತದೆ.

ಹೀಗೆ ಮೊದಲು ನನ್ನ ಆ ಜೀನ್ಸು, ಆಮೇಲೆ ಅಕ್ಕಪಕ್ಕದವರ ಪ್ಯಾಂಟು, ದೀಪಾವಳಿಗೆ ಸೀರೆ ಫಾಲ್ಸು, ಮದುವೆಗಳಿಗೆ ಬ್ಲೌಸು, ಕೊನೆಗೆ ಒಂದು ಡ್ರೈ ಕ್ಲೀನಿಂಗ್ ಅಂಗಡಿಯಿಂದ ವಾರ ವಾರ ಕೆಲಸ. ನಿಧಾನವಾಗಿಯೇ ಬೆಳೆಯಿತು. ನೌಕರಿಯನ್ನು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ, ವಾರಕ್ಕೆ ಮೂರು ದಿನ ಹೋಗುತ್ತೇನೆ.

ಇನ್ನು ನೀನು ಕೇಳದೇ ಇರುವ ವಿಷಯ. ನಾವೂ ಮೂವರೇ ಇದ್ದೆವು. ನಾನು ಮಿಷನ್, ಹೊಸಪೇಟೆಯವಳು ಫಾಲ್ಸು ಮತ್ತು ಕೈಹೊಲಿಗೆ. ಸಿಂಧನೂರಿನವಳ ಹತ್ತಿರ ಕಾರಿತ್ತು. ಬಟ್ಟೆ ತರುವುದು, ತಲುಪಿಸುವುದು, ಫೋನ್ ಎತ್ತುವುದು, ತಡವಾದರೆ ಬೈಸಿಕೊಳ್ಳುವುದು ಎಲ್ಲ ಅವಳದೇ. ಊರಿನ ಪದ್ಧತಿಯಂತೆ ಪೀಸಿಗೆ ಇಷ್ಟು ಅಂತ ಹಂಚಿಕೊಳ್ಳುತ್ತಿದ್ದೆವು. ಪೀಸು ಹೊಲಿಯದವಳಿಗೆ ಪೆಟ್ರೋಲ್ ದುಡ್ಡು, ಮೇಲೊಂದಿಷ್ಟು. ಊರಲ್ಲಿ ಗಂಟು ಹೊತ್ತು ತಂದುಕೊಡುವ ಹುಡುಗನ ಕೆಲಸವನ್ನು ಯಾರು ತಾನೇ ಕೆಲಸ ಅಂತಾರೆ, ಅಲ್ವಾ? ಅವಳೂ ಬಾಯಿಬಿಟ್ಟು ಕೇಳಲಿಲ್ಲ. ಒಂದು ಸಂಜೆ ಬಟ್ಟೆಯ ಚೀಲಗಳನ್ನು ಒಳಗಿಟ್ಟು, ಇನ್ಮೇಲೆ ಆಗೋದಿಲ್ಲ ಅಕ್ಕಾ ಅಂದಳು. ಆಮೇಲೆ ಅವಳ ಮೆಸೇಜುಗಳನ್ನು ನೋಡಿ ಲೆಕ್ಕ ಹಾಕಿದರೆ ಗಂಟೆಗಳು ನನ್ನದಕ್ಕಿಂತ ಜಾಸ್ತಿ. ಬಾಕಿ ಕೊಟ್ಟೆವು, ತಗೊಂಡಳು, ಆದರೆ ಮತ್ತೆ ಬರಲಿಲ್ಲ. ಯುಗಾದಿಗೆ ಫೋನಿನಲ್ಲಿ ಮಾತಾಡುತ್ತೇವೆ. ಮೊದಲು ಅವಳು ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾ ರಾತ್ರಿ ಒಂದು ಗಂಟೆವರೆಗೂ ಊರಿನ ಸುದ್ದಿ ನಡೆಯುತ್ತಿತ್ತು. ಪರದೇಶದಲ್ಲಿ ಅಂಥ ಗೆಳತಿ ಇನ್ನೊಬ್ಬಳು ನನಗೆ ಸಿಕ್ಕಿಲ್ಲ.

ಈಗ ಪ್ರತಿ ಶನಿವಾರ ಸಂಜೆ ನಮ್ಮಲ್ಲಿ ಬಟವಾಡೆ. ಹೊಲಿಗೆಗೆ ಪೀಸಿನ ಲೆಕ್ಕ, ಓಡಾಟ ಮತ್ತು ಫೋನಿಗೆ ಗಂಟೆಯ ಲೆಕ್ಕ, ಪೆಟ್ರೋಲ್ ಬೇರೆ. ದಾರ ಮತ್ತು ರಿಪೇರಿಗೆ ಒಂದಿಷ್ಟು ತೆಗೆದಿಟ್ಟು ಉಳಿದದ್ದನ್ನು ಅವತ್ತೇ ಹಂಚುತ್ತೇವೆ. ಪುಸ್ತಕ ಮೇಜಿನ ಮೇಲೇ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು.

ನಿನ್ನ ಗೆಳತಿಯರಲ್ಲಿ ಹೊಲಿಗೆ ಬಾರದವಳು ಯಾರು? ಅವಳ ಕೂಲಿ ಎಷ್ಟು ಅಂತ ಮೊದಲು ಬರೆ, ನಿನ್ನದು ಆಮೇಲೆ. ನನ್ನ ಮನೆ ಇದೇ ಮೆಲ್ಬರ್ನಿನ ಟಾರ್ನಿಟ್‌ನಲ್ಲಿದೆ. ಒಂದು ಭಾನುವಾರ ಹಳೇ ಜೀನ್ಸ್ ತಗೊಂಡು ಬಾ, ಅಂಚು ಹಾಕುವುದನ್ನು ಕೂರಿಸಿಕೊಂಡು ತೋರಿಸುತ್ತೇನೆ. ಬರುವಾಗ ಅವಳನ್ನೂ ಕರೆದುಕೊಂಡು ಬಾ.